ಕೈತುತ್ತು

“ಟೀಚರ್, ನೋಯೋ ಕೈಯನ್ನ ಯಾಕೆ ಆಡಿಸ್ಬೇಕು?”

ಹೋದ ಮಳೆಗಾಲದಲ್ಲಿ ನನ್ನ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಹನ್ನೊಂದು ವರ್ಷದವನು. ಕೇಳುವುದಕ್ಕೆ ಅವನಿಗೆ ಎಲ್ಲ ಹಕ್ಕೂ ಇತ್ತು, ಏಕೆಂದರೆ ನೋಯುತ್ತಿದ್ದದ್ದು ಅವನದೇ ಬಲಗೈ. ಮೂವತ್ತು ವರ್ಷ ಪಾಠ ಹೇಳಿದ ನನ್ನಂಥವರಿಗೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಗೆ ಬಂದುಬಿಡುತ್ತದೆ. “ಆಡಿಸಿದರೆ ಸರಿಹೋಗುತ್ತೆ ಕಣೋ” ಎಂದೆ. ಅವನು ನನ್ನ ಮುಖ ನೋಡಿ ಸುಮ್ಮನಾದ. ಆ ಮೌನ ನನ್ನನ್ನು ಬಹಳ ದಿನ ಕಾಡಿತು.

ನಮ್ಮ ನಿಟ್ಟೂರಿನ ಮಳೆ ಕಂಡವರಿಗೇ ಗೊತ್ತು. ಜೂನ್‌ನಲ್ಲಿ ಒಮ್ಮೆ ಹಿಡಿಯಿತೆಂದರೆ ಅಂಗಳ, ಮೆಟ್ಟಿಲು, ಮರದ ಕೊಂಬೆ, ಎಲ್ಲದರ ಮೇಲೂ ಹಾವಸೆ ಕಟ್ಟುತ್ತದೆ. ಅಂಥ ಮಳೆಯಲ್ಲಿ ಈ ಮಹಾರಾಯ ಪೇರಲೆ ಮರ ಹತ್ತಿ ಜಾರಿದ್ದ. ಬೀಳುವಾಗ ಕೈಯೂರಿದ್ದರಿಂದ ಮೊಣಕೈಗೆ ಸ್ವಲ್ಪ ಮೇಲೆ ಮೂಳೆ ಮುರಿಯಿತು. ಮಕ್ಕಳಲ್ಲಿ ಈ ಜಾಗ ಮುರಿಯುವುದು ಬಹಳ ಸಾಮಾನ್ಯವಂತೆ. ಶಿವಮೊಗ್ಗಕ್ಕೆ ಕರೆದೊಯ್ದರು. ಮೂಳೆ ಕೂಡಿಸಿ ಪ್ಲಾಸ್ಟರ್ ಹಾಕಿ, ನಾಲ್ಕು ವಾರದ ಮೇಲೆ ಬಿಚ್ಚಿದರು. ಮೂಳೆಯೇನೋ ಚೆನ್ನಾಗಿ ಕೂಡಿತ್ತು. ಕೈ ಮಾತ್ರ ಕೊಡೆಯ ಹಿಡಿಯ ಹಾಗೆ ಅರ್ಧ ಬಾಗಿ ನಿಂತಿತ್ತು. ಬಾಯಿಗೂ ಮುಟ್ಟದು, ಪೂರ್ತಿ ಚಾಚಲೂ ಬಾರದು. ತೋಳು ಎಡತೋಳಿಗಿಂತ ಎದ್ದು ಕಾಣುವಷ್ಟು ಸಣ್ಣಗಾಗಿತ್ತು. ಅಲ್ಲಿನ ಫಿಸಿಯೋಥೆರಪಿಯ ಹೆಣ್ಣುಮಗಳು ನಾಲ್ಕಾರು ವ್ಯಾಯಾಮ ಕಲಿಸಿ, ದಿನಕ್ಕೆ ಹಲವು ಸಲ ಅವನೇ ಮಾಡಬೇಕು ಎಂದು ಹೇಳಿ ಕಳುಹಿಸಿದ್ದರು.

ಮನೆಯಲ್ಲಿ ಎರಡು ಪಕ್ಷವಾಯಿತು. ಒಂದು ಅಜ್ಜಿಯದು. “ಮುರಿದ ಕೈ, ಎಳೇ ಮಗು, ಆರು ತಿಂಗಳು ಸುಮ್ಮನಿರಲಿ” ಎಂದು ಅವರು ಮೂರು ಹೊತ್ತೂ ಮೊಮ್ಮಗನಿಗೆ ಕೈತುತ್ತು ಹಾಕುತ್ತಿದ್ದರು. ಅಂಗಿಯ ಗುಂಡಿ ಹಾಕುವುದೂ ಅವರೇ, ತಲೆ ಬಾಚುವುದೂ ಅವರೇ. ಇನ್ನೊಂದು ಸೋದರಮಾವನ ಪಕ್ಷ. “ಎಣ್ಣೆ ಹಚ್ಚಿ ನೀವಿ ಒಂದು ಸಲ ಜೋರಾಗಿ ಎಳೆದರೆ ಸರಿ. ಇಲ್ಲವಾದರೆ ನೀರು ತುಂಬಿದ ಬಕೀಟು ಹಿಡಿಸಿ ನಿಲ್ಲಿಸಿ, ತಾನಾಗಿ ನೆಟ್ಟಗಾಗುತ್ತೆ” ಎಂಬುದು ಅವರ ವಾದ. ನಡುವೆ ಸಿಕ್ಕಿಬಿದ್ದ ತಾಯಿ ಶಾಲೆಗೆ ಬಂದು, “ನೀವೇ ಹೇಳಿ ಟೀಚರ್, ಯಾರ ಮಾತು ಕೇಳಲಿ?” ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ನಾನೇನು ಹೇಳಲಿ? ನಾನು ಬಿ.ಎ., ಬಿ.ಎಡ್. ಮಾಡಿದವಳು. ಕನ್ನಡ, ಚರಿತ್ರೆ ನನ್ನ ಕ್ಷೇತ್ರ. ಆ ವರ್ಷ ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋಗಿದ್ದರಿಂದ ಮೂಳೆ, ಕೀಲು, ಸ್ನಾಯುಗಳ ಪಾಠವೂ ನನ್ನ ಪಾಲಿಗೆ ಬಂದಿತ್ತು. ಕೊನೆಗೆ ತಾಯಿಯ ಎದುರಿಗೇ, ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಆ ಹೆಣ್ಣುಮಗಳು ಒಂದಿಷ್ಟೂ ಬೇಸರಿಸದೆ ಎಲ್ಲ ವಿವರಿಸಿದರು. ಕೇಳಿದ್ದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಮರುದಿನ ತರಗತಿಗೆ ಹೋದೆ. ಈ ಪಾಠವನ್ನು ಒಬ್ಬನಿಗೆ ಮಾತ್ರ ಹೇಳುವುದಕ್ಕಿಂತ ಎಲ್ಲರಿಗೂ ಹೇಳುವುದೇ ಒಳ್ಳೆಯದು ಎನ್ನಿಸಿತು.

ಎರಡು ಮರದ ಸ್ಕೇಲುಗಳನ್ನು ತುದಿಯಲ್ಲಿ ಮೊಳೆ ಹೊಡೆದು ಜೋಡಿಸಿದೆವು. ಅದು ಮೊಣಕೈ. ಹಳೆಯ ಸೈಕಲ್ ಟ್ಯೂಬಿನ ಎರಡು ಪಟ್ಟಿ ಕತ್ತರಿಸಿ ಒಂದನ್ನು ಮುಂದೆ, ಒಂದನ್ನು ಹಿಂದೆ ಕಟ್ಟಿದೆವು. ಅವು ಸ್ನಾಯುಗಳು. ಮುಂದಿನದನ್ನು ಎಳೆದರೆ ಕೈ ಮಡಚುತ್ತದೆ, ಹಿಂದಿನದನ್ನು ಎಳೆದರೆ ಚಾಚುತ್ತದೆ. “ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತೆ, ತಳ್ಳಲು ಬರುವುದಿಲ್ಲ. ಅದಕ್ಕೇ ಅವು ಜೋಡಿಯಾಗಿ ಇರುವುದು. ಒಂದು ಎಳೆಯುವಾಗ ಇನ್ನೊಂದು ಸಡಿಲ ಬಿಡಬೇಕು” ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ನಮ್ಮ ಅಪ್ಪ ಅಮ್ಮನ ಹಾಗಲ್ಲ ಹಾಗಾದ್ರೆ” ಎಂದಳು. ನಕ್ಕು ಸುಧಾರಿಸಿಕೊಳ್ಳಲು ಐದು ನಿಮಿಷ ಬೇಕಾಯಿತು.

ಮೂಳೆಯ ಪಾಠ ಇನ್ನೂ ಸೊಗಸಾಯಿತು. ಹುಡುಗರು ಭಾನುವಾರದ ಊಟದ ಕೋಳಿಮೂಳೆ ತಂದರು. ಅದನ್ನು ಕಾಣದ ಮನೆಯಲ್ಲಿ ಬೆಳೆದ ನಾನು ಮೊದಲ ದಿನ ಓರೆಗಣ್ಣಿನಲ್ಲೇ ನೋಡಿದೆ. ಒಂದನ್ನು ಬಾಟಲಿಯಲ್ಲಿ ವಿನೆಗರ್ ಹಾಕಿ ಮುಳುಗಿಸಿಟ್ಟೆವು. ಕೆಲವು ದಿನಗಳಲ್ಲಿ ಸುಣ್ಣದ ಅಂಶ ಕರಗಿ ಮೂಳೆ ರಬ್ಬರಿನಂತೆ ಬಾಗಿತು. ಇನ್ನೊಂದನ್ನು ಒಬ್ಬಳು ಬಚ್ಚಲೊಲೆಯಲ್ಲಿ ಸುಟ್ಟು ತಂದಳು. ಅದು ಸೀಮೆಸುಣ್ಣದಂತೆ ಬೆರಳಿಗೆ ಪುಡಿಯಾಯಿತು. ಸುಣ್ಣ ಹೋದರೆ ಗಟ್ಟಿತನ ಇಲ್ಲ, ನಾರು ಸುಟ್ಟರೆ ಬಾಗುವ ಗುಣ ಇಲ್ಲ. ಜೀವಂತ ಮೂಳೆಯಲ್ಲಿ ಎರಡೂ ಇರುತ್ತವೆ. ಅದು ಮನೆಯ ಕಂಬದಂತೆ ಒಮ್ಮೆ ನಿಲ್ಲಿಸಿ ಮರೆತುಬಿಡುವ ವಸ್ತುವಲ್ಲ. ಹಳೆಯದು ಸವೆಯುತ್ತಾ ಹೊಸದು ಕೂಡುತ್ತಾ ಇರುತ್ತದೆ. ಭಾರ ಬಿದ್ದ ಕಡೆ ಗಟ್ಟಿಯಾಗುತ್ತದೆ, ಭಾರವಿಲ್ಲದ ಕಡೆ ಸಡಿಲವಾಗುತ್ತದೆ. ಇದನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೂಲ್ಫ್ 1892ರಲ್ಲೇ ಪುಸ್ತಕ ಬರೆದು ಹೇಳಿದ್ದ. ಆಕಾಶದಲ್ಲಿ ತಿಂಗಳುಗಟ್ಟಲೆ ತೂಕವಿಲ್ಲದೆ ತೇಲುವ ಗಗನಯಾತ್ರಿಗಳ ಕಾಲು, ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಷ್ಟಾದರೂ ಸವೆಯುತ್ತದಂತೆ. ಅದಕ್ಕೇ ಅವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ. ನಮ್ಮ ರಾಕೇಶ್ ಶರ್ಮಾ 1984ರಲ್ಲಿ ಅಲ್ಲಿ ಯೋಗಾಸನವನ್ನೇ ಮಾಡಿ ನೋಡಿದ್ದರು ಎಂದಾಗ ಹುಡುಗರ ಬಾಯಿ ತೆರೆದದ್ದು ತೆರೆದೇ ಇತ್ತು.

ಇದೆಲ್ಲ ಆದ ಮೇಲೇ ಆ ಹುಡುಗ ಎದ್ದು ಆ ಪ್ರಶ್ನೆ ಕೇಳಿದ್ದು. ಪಾಠ ಅವನಿಗೆ ಅರ್ಥವಾಗಿತ್ತು. ಪ್ಲಾಸ್ಟರಿನೊಳಗೆ ಕೆಲಸವಿಲ್ಲದೆ ಸ್ನಾಯು ಸೊರಗುತ್ತದೆ, ಕೀಲಿನ ಸುತ್ತಲಿನ ಪೊರೆ ಬಿಗಿಯಾಗುತ್ತದೆ, ಆಡಿಸುತ್ತಾ ಆಡಿಸುತ್ತಾ ಎರಡೂ ಮರಳುತ್ತವೆ, ಇಷ್ಟನ್ನೂ ಅವನೇ ಬಾಯಿಪಾಠ ಹೇಳಬಲ್ಲವನಾಗಿದ್ದ. ಅವನು ಕೇಳಿದ್ದು ವಿಜ್ಞಾನದ ಪ್ರಶ್ನೆಯಲ್ಲ. ನನ್ನ ಮೇಲೆ ಪ್ರೀತಿ ಇರುವವರು ನನಗೆ ನೋವಾಗುವ ಕೆಲಸವನ್ನು ಏಕೆ ಮಾಡಿಸುತ್ತಾರೆ ಎಂಬುದು ಅವನ ಪ್ರಶ್ನೆ. ತುತ್ತು ಹಾಕುವ ಅಜ್ಜಿ ಒಳ್ಳೆಯವಳೋ, ತುತ್ತು ಹಾಕಬೇಡಿ ಎನ್ನುವ ಟೀಚರು ಒಳ್ಳೆಯವಳೋ? ಮಗುವಿನ ಮನಸ್ಸು ತೂಗುತ್ತಿದ್ದದ್ದು ಇದನ್ನು.

ಉತ್ತರ ಹುಡುಕುತ್ತಾ ಹೋದಾಗ ನನಗೆ ಮೊದಲು ಎದುರಾದದ್ದು ನನ್ನದೇ ಒಂದು ಹಳೆಯ ತಪ್ಪು. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು, 1994–95ರ ಮಾತು. ಆಗ ನಿಟ್ಟೂರಲ್ಲ, ಬೇರೊಂದು ಹಳ್ಳಿಯ ಶಾಲೆ. ನಾಲ್ಕನೇ ತರಗತಿಯಲ್ಲಿ ಪೋಲಿಯೋದಿಂದ ಒಂದು ಕಾಲು ಸೋತ ಹುಡುಗಿಯೊಬ್ಬಳಿದ್ದಳು. ಇಂದಿನ ಮಕ್ಕಳಿಗೆ ಆ ಕಾಯಿಲೆ ಗೊತ್ತಿಲ್ಲ. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾಯಿತು, 2011ರ ಜನವರಿಯ ನಂತರ ನಿಸರ್ಗದಲ್ಲಿ ಹರಡುವ ಮೂಲ ಪೋಲಿಯೋ ವೈರಸ್ಸಿನಿಂದ ಕಾಲು ಕಳೆದುಕೊಂಡ ಮಗು ನಮ್ಮಲ್ಲಿ ಕಂಡಿಲ್ಲ, 2014ರಲ್ಲಿ ಭಾರತ ಪೋಲಿಯೋಮುಕ್ತ ಎಂದು ಘೋಷಣೆಯಾಯಿತು. ಆದರೆ ಆಗ ಪ್ರತಿ ಹಳ್ಳಿಯಲ್ಲೂ ಅಂಥ ಒಂದಾದರೂ ಮಗು ಇರುತ್ತಿತ್ತು.

ಅವಳಿಗೆ ಯಾವುದೋ ಶಿಬಿರದಲ್ಲಿ ಕಬ್ಬಿಣದ ಕ್ಯಾಲಿಪರ್ ಕೊಟ್ಟಿದ್ದರು. ತೊಟ್ಟರೆ ತೊಡೆಗೆ ಉಜ್ಜುತ್ತದೆ ಎಂದು ಅಳುತ್ತಿದ್ದಳು. ನನಗೆ ನೋಡಲಾಗಲಿಲ್ಲ. “ಅಯ್ಯೋ ಪಾಪ, ಬಿಚ್ಚಿಡು” ಎಂದೆ. ಅದು ತರಗತಿಯ ಮೂಲೆಯಲ್ಲಿ ತುಕ್ಕು ಹಿಡಿಯಿತು. ಪ್ರಾರ್ಥನೆಗೆ ನಿಲ್ಲುವುದು ಬೇಡ, ಹೂಗಿಡಕ್ಕೆ ನೀರು ಹಾಕುವುದು ಬೇಡ, ಬೋರ್ಡಿನ ಬಳಿ ಬರುವುದು ಬೇಡ, ಆಟವಂತೂ ಬೇಡವೇ ಬೇಡ. ಎಲ್ಲದರಿಂದಲೂ ವಿನಾಯಿತಿ. ನಾನು ಎಷ್ಟು ಕರುಣೆಯವಳು ಎಂದು ಊರೆಲ್ಲ ಹೇಳಿತು. ನನಗೂ ಹಾಗೇ ಅನ್ನಿಸಿತ್ತು.

ಹತ್ತು ಹದಿನೈದು ವರ್ಷದ ಮೇಲೆ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ನನ್ನನ್ನು ಗುರುತು ಹಿಡಿದು ಮಾತಾಡಿಸಿದಳು. ಮೊಣಕಾಲಿನ ಮೇಲೆ ಕೈಯೂರಿ, ಬಾಗಿ ಬಾಗಿ ನಡೆಯುತ್ತಿದ್ದಳು. ಹೊಲಿಗೆ ಕಲಿತು ಸ್ವಂತ ಕಾಲ ಮೇಲೆ ನಿಂತಿದ್ದಾಳೆ ಎಂದು ಬರೆಯಹೊರಟು ನನ್ನ ಪೆನ್ನೇ ಇಲ್ಲಿ ತಡೆಯಿತು. ಅವಳು ದೂರುವ ದನಿಯಲ್ಲೇನೂ ಹೇಳಲಿಲ್ಲ. ಹಳೆಯದನ್ನು ನೆನೆಯುತ್ತಾ, “ನೀವು ನನ್ನನ್ನ ಯಾವ ಕೆಲಸಕ್ಕೂ ಕರೀತಿರ್ಲಿಲ್ಲ ಟೀಚರ್. ನಾನು ಶಾಲೇಲಿ ಇದೀನೋ ಇಲ್ವೋ ಅನ್ನಿಸ್ತಿತ್ತು” ಎಂದು ನಕ್ಕಳು. ಬಸ್ಸು ಬಂತು, ಹತ್ತಿದಳು. ನಾನು ನನ್ನ ಬಸ್ಸು ತಪ್ಪಿಸಿಕೊಂಡೆ.

ಕ್ಯಾಲಿಪರ್ ಉಜ್ಜುತ್ತಿದ್ದರೆ ಮಾಡಬೇಕಾದದ್ದು ಎಲ್ಲಿ ಉಜ್ಜುತ್ತದೆ ಎಂದು ನೋಡುವುದು, ಬಟ್ಟೆಯ ಮೆತ್ತೆ ಇಡುವುದು, ಅಳತೆ ಸರಿಮಾಡಿಸಿ ತನ್ನಿ ಎಂದು ಮನೆಗೆ ಹೇಳಿ ಕಳಿಸುವುದು. ಅದಕ್ಕೆ ಶ್ರಮ ಬೇಕಿತ್ತು. ‘ಅಯ್ಯೋ ಪಾಪ’ಕ್ಕೆ ಶ್ರಮವಿಲ್ಲ. ಅವಳು ಅಳುವುದನ್ನು ನಿಲ್ಲಿಸಿದಾಗ ಸಮಾಧಾನವಾದದ್ದು ಯಾರಿಗೆ? ನನಗೆ. ಅವಳ ನೋವನ್ನು ನಾನು ಕಡಿಮೆ ಮಾಡಲಿಲ್ಲ, ಅದನ್ನು ನೋಡುವ ನನ್ನ ನೋವನ್ನು ಕಡಿಮೆ ಮಾಡಿಕೊಂಡೆ. ಇದಕ್ಕೆ ಕರುಣೆ ಎಂದು ಹೆಸರಿಟ್ಟುಕೊಂಡೆ.

ಹೀಗೆ ಎಡವಿದವಳು ನಾನೊಬ್ಬಳೇ ಅಲ್ಲ ಎಂಬುದಷ್ಟೇ ಸಮಾಧಾನ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಎಷ್ಟೋ ಕಡೆ ಪೋಲಿಯೋ ಬಂದ ಮಕ್ಕಳ ಕೈಕಾಲುಗಳನ್ನು ಅಲುಗದಂತೆ ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ಮಲಗಿಸುವುದೇ ಚಿಕಿತ್ಸೆಯಾಗಿತ್ತು. ಕೆಡುಕಿನಿಂದಲ್ಲ, ಕಾಳಜಿಯಿಂದಲೇ. ಆಸ್ಟ್ರೇಲಿಯಾದ ಹಳ್ಳಿಗಾಡಿನಲ್ಲಿ ಶುಶ್ರೂಷೆ ಮಾಡುತ್ತಿದ್ದ ಎಲಿಜಬೆತ್ ಕೆನ್ನಿ ಎಂಬಾಕೆ ಪಟ್ಟಿ ಬಿಚ್ಚಿದಳು. ಬಿಸಿನೀರಿನಲ್ಲಿ ಹಿಂಡಿದ ಉಣ್ಣೆಯ ಬಟ್ಟೆಯಿಂದ ಕಾವು ಕೊಟ್ಟು, ಮಕ್ಕಳೇ ತಮ್ಮ ಸ್ನಾಯುಗಳನ್ನು ಮತ್ತೆ ಗುರುತಿಸಿ ಆಡಿಸುವಂತೆ ಕಲಿಸಿದಳು. ದೊಡ್ಡ ಡಾಕ್ಟರುಗಳು ಬಹಳ ಕಾಲ ಅವಳನ್ನು ಒಪ್ಪಲಿಲ್ಲ. ಅವಳು ಹೇಳುತ್ತಿದ್ದ ಕಾರಣಗಳೆಲ್ಲ ಸರಿಯಾಗಿರಲೂ ಇಲ್ಲ. ಆದರೆ ಮಕ್ಕಳು ಆಡಿಸಬಲ್ಲವರಾದರು. 1940ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಅವಳ ವಿಧಾನ ಹರಡಿತು.

ಹಾಗಾದರೆ ಸೋದರಮಾವನೇ ಸರಿಯೇ? ನೋವಾದರೂ ಸರಿ, ಎಳೆದು ನೆಟ್ಟಗೆ ಮಾಡುವುದೇ ಉಪಕಾರವೇ? ಅಲ್ಲ ಎಂದು ಫೋನಿನಲ್ಲಿ ಆ ಹೆಣ್ಣುಮಗಳು ಗಟ್ಟಿಯಾಗಿ ಹೇಳಿದ್ದರು. ಪೆಟ್ಟಾದ ಮಕ್ಕಳ ಮೊಣಕೈಯನ್ನು ಬಲವಂತವಾಗಿ ಎಳೆದರೆ, ತಿಕ್ಕಿ ನೀವಿದರೆ, ಭಾರ ಹಿಡಿಸಿ ಜಗ್ಗಿದರೆ, ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಖಾಯಮ್ಮಾಗಿ ಕಟ್ಟಿಕೊಳ್ಳುವ ಅಪಾಯ ಇದೆಯಂತೆ. ಎಂಥ ಮಾತು ನೋಡಿ! ಮೆತ್ತಗಿರಬೇಕಾದ ಕಡೆ ಜಬರದಸ್ತಿನಿಂದ ಮೂಳೆ ಹುಟ್ಟುತ್ತದೆ. ಮನೆಯಲ್ಲಿ ಹೊಡೆದು ಬಡಿದು ಬೆಳೆಸಿದ ಕೆಲವು ಮಕ್ಕಳ ಮನಸ್ಸು ನೆನಪಾಯಿತು.

ಅಂದರೆ ಅಜ್ಜಿಯೂ ತಪ್ಪು, ಮಾವನೂ ತಪ್ಪು. ಇಬ್ಬರೂ ಒಂದೇ ತಪ್ಪನ್ನು ಎರಡು ಬಗೆಯಲ್ಲಿ ಮಾಡುತ್ತಿದ್ದರು. ಅಜ್ಜಿ ಅವನ ಕೆಲಸವನ್ನು ತಾನು ಮಾಡುತ್ತಿದ್ದರು, ಮಾವ ಅವನ ಕೈಯನ್ನು ತಾನು ಆಡಿಸಹೊರಟಿದ್ದರು. ಹುಡುಗ ಎರಡು ಕಡೆಯೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹುಡುಗಿಯ ಮಾತು ಮತ್ತೆ ಕೇಳಿಸಿತು.

ಮರುವಾರ ನಾವೊಂದು ಏರ್ಪಾಡು ಮಾಡಿಕೊಂಡೆವು. ಮೊದಲ ಪೀರಿಯಡ್ಡಿನ ಐದು ನಿಮಿಷ, ಇಡೀ ತರಗತಿ ಅವನ ಜೊತೆ ಕೈ ಮಡಚುವುದು, ಚಾಚುವುದು. ಎಣಿಕೆ ಎಲ್ಲರದು, ಎಷ್ಟು ದೂರ ಎಂಬುದು ಅವನದು. ಅವನ ಕೈಯನ್ನು ಯಾರೂ ಮುಟ್ಟುವಂತಿಲ್ಲ. ಆಮೇಲೆ ಬೋರ್ಡು ಒರೆಸುವ ಕೆಲಸ ಅವನಿಗೆ. ದಿನದಿನಕ್ಕೆ ಎಷ್ಟು ಮೇಲಿನ ಗೆರೆ ಒರೆಸಿದ ಎಂದು ಗುರುತು ಹಾಕುತ್ತಿದ್ದೆವು. ವ್ಯಾಯಾಮದ ನೋವು ಸ್ವಲ್ಪ ಹೊತ್ತಿಗೆ ಇಳಿದರೆ ಚಿಂತೆಯಿಲ್ಲ, ಊತ ಬಂದರೆ ಅಥವಾ ರಾತ್ರಿಯವರೆಗೂ ಉಳಿದರೆ ಕಡಿಮೆ ಮಾಡಿ, ಮತ್ತೆ ತೋರಿಸಿ ಎಂದು ಫಿಸಿಯೋಥೆರಪಿಯ ಹೆಣ್ಣುಮಗಳು ಹೇಳಿದ್ದರು. ಹುಡುಗ ಅದಕ್ಕೆ ತನ್ನದೇ ಹೆಸರಿಟ್ಟ: ‘ನುಂಗೋ ನೋವು’, ‘ಉಗುಳೋ ನೋವು’. “ಇವತ್ತು ಉಗುಳೋದು ಟೀಚರ್” ಎಂದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆವು. ಒಂದೆರಡು ಸಲ ಸುಳ್ಳೂ ಹೇಳಿರಬಹುದು. ಹೇಳಲಿ ಬಿಡಿ. ಅವನ ‘ಸಾಕು’ ಎಂಬ ಮಾತಿಗೆ ಬೆಲೆ ಇದೆ ಎಂದು ಅವನಿಗೆ ತಿಳಿಯುವುದು ಮುಖ್ಯವಾಗಿತ್ತು. ಬೇರೆಯವರ ಒಳ್ಳೆಯದಕ್ಕೆಂದು ಅವರಿಗೆ ನೋವು ಕೊಡುವ ಅಧಿಕಾರ ನಮಗಿದ್ದರೆ, ಅದು ಅವರು ನಿಲ್ಲಿಸು ಎಂದಾಗ ನಿಲ್ಲಿಸುವವರೆಗೆ ಮಾತ್ರ ಎಂದು ನನಗೆ ಅನ್ನಿಸಿದೆ.

ಈ ಉತ್ಸಾಹದಲ್ಲಿ ಒಂದು ದಿನ ತರಗತಿಯಲ್ಲಿ, “ಮನಸ್ಸು ಮಾಡಿದರೆ ಯಾವ ಕೈಯೂ ಕಾಲೂ ಸರಿಹೋಗುತ್ತೆ ಮಕ್ಕಳೇ” ಎಂದುಬಿಟ್ಟೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಲೆ ತಗ್ಗಿಸಿದಳು. ಅವಳ ಸೋದರತ್ತೆಗೆ ಹಂದಿಗೋಡು ಕಾಯಿಲೆ ಎಂಬುದು ನನಗೆ ಆಮೇಲೆ ನೆನಪಾಯಿತು.

ನಮ್ಮ ಸೀಮೆಯ ಈ ದುಃಖ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಮೊದಲು ಗಮನಕ್ಕೆ ಬಂದದ್ದು. ಸೊಂಟದ ಕೀಲು, ಮೊಣಕಾಲುಗಳಲ್ಲಿ ನೋವು ಶುರುವಾಗಿ, ಬರಬರುತ್ತಾ ನಡೆಯುವುದೇ ಕಷ್ಟವಾಗುತ್ತದೆ. ಕೆಲವರ ಬೆಳವಣಿಗೆಯೇ ಕುಂಠಿತವಾಗುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ, ಹೆಚ್ಚಾಗಿ ಕೂಲಿ ಮಾಡಿ ಬದುಕುವ ದಲಿತ ಕುಟುಂಬಗಳಲ್ಲಿ ಇದು ಕಾಣಿಸಿತು. ಗದ್ದೆಗೆ ಹೊಡೆದ ಔಷಧಿಯಿಂದ ಸತ್ತ ಏಡಿ ತಿಂದದ್ದೇ ಕಾರಣವೇನೋ ಎಂಬ ಸಂಶಯ ಮೊದಲು ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಬಂದು ಅಧ್ಯಯನ ಮಾಡಿದರು. ಇದು ವಂಶದಲ್ಲಿ ಇಳಿದು ಬರುವ ಮೂಳೆ-ಕೀಲಿನ ದೋಷ ಎಂಬುದು ಆಮೇಲೆ ತಿಳಿಯಿತು. ನೋವಿನ ಮಾತ್ರೆ, ವ್ಯಾಯಾಮ, ಕೆಲವರಿಗೆ ಕೀಲಿನ ಶಸ್ತ್ರಚಿಕಿತ್ಸೆ, ಇವುಗಳಿಂದ ಉಪಶಮನ ಸಿಗಬಹುದು. ಪೂರ್ತಿ ವಾಸಿ ಮಾಡುವ ಮದ್ದಿಲ್ಲ.

ಅಂಥವರ ಮುಂದೆ ‘ಮನಸ್ಸು ಮಾಡಿದರೆ’ ಎನ್ನುವುದು ಎಷ್ಟು ಕ್ರೂರ! ಸರಿಹೋಗದಿದ್ದರೆ ನೀನೇ ಮನಸ್ಸು ಮಾಡಲಿಲ್ಲ ಎಂದ ಹಾಗಾಯಿತಲ್ಲ. ಮರುದಿನ ಮಕ್ಕಳ ಎದುರು ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. “ವ್ಯಾಯಾಮ ಬಹಳ ಮಾಡಬಲ್ಲದು, ಎಲ್ಲವನ್ನೂ ಮಾಡಲಾರದು. ಕೆಲವರಿಗೆ ಅದು ಮುರಿದದ್ದನ್ನು ಮರಳಿ ಕೊಡುತ್ತೆ. ಕೆಲವರಿಗೆ ಉಳಿದದ್ದನ್ನು ಕಾಪಾಡಿಕೊಡುತ್ತೆ. ಮೂಳೆ ಸೋತವರು ಸೋಮಾರಿಗಳಲ್ಲ” ಎಂದೆ. ಹುಡುಗಿ ಸಂಜೆ ನನ್ನ ಮೇಜಿನ ಮೇಲೆ ಎರಡು ಡೇರೆ ಹೂ ಇಟ್ಟು ಓಡಿದಳು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರಿಗೆ ಮಂಡಿನೋವು ಇರಬಹುದು. ನನಗೂ ಇದೆ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತು ಏಳುವಾಗ ‘ಅಮ್ಮಾ’ ಎನ್ನದ ಹೆಂಗಸು ನಮ್ಮ ಕಡೆ ಇಲ್ಲ. “ಮನೆಗೆಲಸವೇ ಇಷ್ಟಿದೆ, ಇನ್ನು ವ್ಯಾಯಾಮ ಬೇರೆಯೇ?” ಎಂದು ನಾನೂ ಕೇಳಿದ್ದೆ. ಕೆಲಸ ಒಂದೇ ಸ್ನಾಯುವನ್ನು ಒಂದೇ ಬಗೆಯಲ್ಲಿ ದುಡಿಸುತ್ತದೆ, ವ್ಯಾಯಾಮ ಯಾರೂ ಕೇಳದ ಸ್ನಾಯುವನ್ನು ಹೆಸರು ಹಿಡಿದು ಕರೆಯುತ್ತದೆ ಎಂಬುದು ನನಗೆ ತಿಳಿದ ವ್ಯತ್ಯಾಸ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ ಐದು ಎಣಿಸುವವರೆಗೆ ಹಿಡಿದು ಇಳಿಸುವುದು, ಹೀಗೆ ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ. ಮುಟ್ಟು ನಿಂತ ಮೇಲೆ ನಮ್ಮ ಮೂಳೆ ಬೇಗ ಸವೆಯುವುದರಿಂದ ನಮಗಂತೂ ನಡಿಗೆ, ಮೆಟ್ಟಿಲು ಹತ್ತುವುದು ಬೇಕೇ ಬೇಕು. ಆದರೆ ನಾವು ಬೇರೆಯವರ ನೋವಿಗೆ ಅಜ್ಜಿಯಾಗುತ್ತೇವೆ, ನಮ್ಮ ನೋವಿಗೆ ಸೋದರಮಾವನಾಗುತ್ತೇವೆ. ಮನೆಯವರ ನೀರಿನ ಲೋಟವನ್ನೂ ಕೈಗೆ ಕೊಡುವ ನಾವು ನಮ್ಮ ದೇಹವನ್ನು ಮಾತ್ರ ಹಲ್ಲು ಕಚ್ಚಿ ಎಳೆಯುತ್ತೇವೆ. ಅದು ‘ಉಗುಳೋದು’ ಎಂದು ಎಷ್ಟು ಸಲ ಹೇಳಿದರೂ ಕಿವಿಗೊಡುವುದಿಲ್ಲ.

ನವರಾತ್ರಿಯ ಹೊತ್ತಿಗೆ ಹುಡುಗನ ಕೈ ಬಾಯಿಗೆ ಮುಟ್ಟಿತು. ಮನೆಗೆ ಬನ್ನಿ ಎಂದು ತಾಯಿ ಕರೆದಿದ್ದಳು. ಅಜ್ಜಿ ಅನ್ನ ಕಲಸಿ ತಟ್ಟೆಯನ್ನು ಮೊಮ್ಮಗನ ಮುಂದಿಟ್ಟರು. ಅವನು ತುತ್ತೆತ್ತಿದಾಗ ಅವರ ಬಲಗೈಯೂ ತನ್ನಷ್ಟಕ್ಕೆ ಅರ್ಧ ಮೇಲೆದ್ದಿತು. ಅದನ್ನು ಎಡಗೈಯಿಂದ ಹಿಡಿದು ಮಡಿಲಿಗೆ ಇಳಿಸಿಕೊಂಡರು. ಮೂರು ಹೊತ್ತು ತುತ್ತು ಹಾಕುವುದಕ್ಕಿಂತ ಅದು ಅವರಿಗೆ ಕಷ್ಟವಾಗಿತ್ತು ಎಂಬುದು ಮುಖದಲ್ಲೇ ಕಾಣುತ್ತಿತ್ತು. ಅರ್ಧ ಅನ್ನ ಚೆಲ್ಲಿತು. ಯಾರೂ ಏನೂ ಅನ್ನಲಿಲ್ಲ.

ಕೈ ಚಾಚಿದರೆ ಈಗಲೂ ಸ್ವಲ್ಪ ಬಾಗೇ ಇದೆ. ಅದು ಪೂರ್ತಿ ಹೋಗುತ್ತದೆ ಎಂದು ನಾನು ಅವನಿಗೆ ಹೇಳಿಲ್ಲ. ಅವನ ಪ್ರಶ್ನೆಗೆ ಮಾತ್ರ ತಡವಾಗಿಯಾದರೂ ಬೇರೆ ಉತ್ತರ ಕೊಟ್ಟಿದ್ದೇನೆ. “ನೋಯುತ್ತೆ ಅಂತ ನನಗೆ ಗೊತ್ತು. ಆಡಿಸದಿದ್ದರೆ ಆ ಕೈ ನಿನ್ನದಾಗಿ ಉಳಿಯಲ್ಲ. ಎಷ್ಟು ಆಡಿಸೋದು ಅಂತ ನೀನು ಹೇಳು, ಎಣಿಸೋಕೆ ನಾನಿದೀನಿ.”